ದೊಡ್ಡಾಯಿ ಎತ್ತಿದ ಸ್ವರ

ಶಿರಸಿಯ ನಮ್ಮ ಮನೆಗೆ ಬಂದವರಿಗೆ ಕೂರಲು ಖುರ್ಚಿ ಸಿಗುತ್ತಿರಲಿಲ್ಲ. ಖುರ್ಚಿ ಇರಲಿಲ್ಲವೆಂದಲ್ಲ, ರಾಶಿಗಟ್ಟಲೆ ಇದ್ದವು. ಆದರೆ ಎಲ್ಲವೂ ಒಂದರೊಳಗೊಂದು ಸೇರಿಕೊಂಡು ಮಾಡು ಮುಟ್ಟುವ ಹಾಗೆ ನಿಂತಿರುತ್ತಿದ್ದವು. ಒಂದನ್ನು ಎಳೆದರೆ ಇಡೀ ಗೋಪುರವೇ ಮೈಮೇಲೆ ಬರುವ ಹಾಗಿತ್ತು. ಹಾಗಾಗಿ ಬಂದವರು ಜಗುಲಿಯಲ್ಲಿ ಸ್ಪೀಕರ್ ಡಬ್ಬಿಯ ಮೇಲೆ ಕೂತು ಚಾ ಕುಡಿದು ಹೋಗುತ್ತಿದ್ದರು. ದೊಡ್ಡಪ್ಪನದು ಶಾಮಿಯಾನ, ಖುರ್ಚಿ, ಅಡುಗೆ ಪಾತ್ರೆ. ಅಪ್ಪಯ್ಯನದು ಮೈಕ್ ಸೆಟ್. ಸಿದ್ದಾಪುರದಿಂದ ಯಲ್ಲಾಪುರದವರೆಗೆ ಯಾರ ಮನೆಯಲ್ಲಿ ಮದುವೆ, ಮುಂಜಿ ಇದ್ದರೂ ಅಣ್ಣ ತಮ್ಮ ಒಂದೇ ಟೆಂಪೋದಲ್ಲಿ ಹೊರಡುತ್ತಿದ್ದರು. ಉಳಿದ ಸಾಮಾನೆಲ್ಲ ಮನೆಯೊಳಗೆ ನಮ್ಮ ಜೊತೆ ಸಂಸಾರ ಮಾಡುತ್ತಿತ್ತು. ನಾನು ಮಲಗುವ ಕೋಣೆಯ ಗೋಡೆಯ ಬಣ್ಣ ಯಾವುದು ಎಂದು ನನಗೆ ಬಹಳ ವರ್ಷ ಗೊತ್ತೇ ಇರಲಿಲ್ಲ, ಅಷ್ಟು ಸ್ಪೀಕರು. ಮರಕ್ಕೆ ಕಟ್ಟುವ ದೊಡ್ಡ ಹಾರ್ನುಗಳನ್ನು ಅಪ್ಪಯ್ಯ ಮಂಚದ ಕೆಳಗೆ ಮಲಗಿಸಿ ಇಡುತ್ತಿದ್ದ. ನಾನು ಅದರೊಳಗೆ ತಲೆ ಹಾಕಿ 'ಸಿಂಧೂ' ಎಂದು ನನ್ನ ಹೆಸರನ್ನೇ ಕೂಗಿಕೊಳ್ಳುತ್ತಿದ್ದೆ. ಹೆಸರು ಒಳಗಡೆ ಒಂದು ಸುತ್ತು ಹೊಡೆದು, ಸ್ವಲ್ಪ ದೊಡ್ಡವಳಾಗಿ ವಾಪಸ್ ಬರುತ್ತಿತ್ತು. ಇವತ್ತು ನಾನು ಹಿಪ್ ಹಾಪ್ ಹಾಡು ಮಾಡುತ್ತೇನೆ, ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ ಯೂಟ್ಯೂಬ್ ಎನ್ನುತ್ತೇನೆ. ಸುಳ್ಳಲ್ಲ. ಆದರೆ ಪಾಠ ಶುರುವಾಗಿದ್ದು ಆ ಮಂಚದ ಕೆಳಗೆ.

ಮಕ್ಕಳಿಗೆ ಕೊಡುತ್ತಿದ್ದ ಕೆಲಸ ವಯರು ಸುತ್ತುವುದು. ಅಂಗೈಗೂ ಮೊಣಕೈಗೂ ಎಂಟಿನಾಕಾರದಲ್ಲಿ ಸುತ್ತಬೇಕು, ಇಲ್ಲದಿದ್ದರೆ ಮುಂದಿನ ಮದುವೆ ಮನೆಯಲ್ಲಿ ಗಂಟು ಬಿಡಿಸುತ್ತ ಅಪ್ಪಯ್ಯ ಇಡೀ ಲೋಕವನ್ನು ಬೈಯುತ್ತಿದ್ದ. ಅವನು ಮೈಕ್ ಸರಿಯಿದೆಯೇ ಎಂದು ನೋಡುವಾಗ 'ಹಲೋ' ಎನ್ನುವವನಲ್ಲ. ಮಾತೇ ಕಡಿಮೆ ಅವನದು. ತೋರುಬೆರಳಿನಿಂದ ಮೈಕಿನ ತಲೆಗೆ ಎರಡು ಸಲ ತಟ್ಟುತ್ತಿದ್ದ, ಟಪ್, ಟಪ್. ಆ ಸದ್ದು ಎದೆಗೇ ಬಂದು ಬಡಿಯುತ್ತಿತ್ತು. ಶಾಮಿಯಾನದ ಬಟ್ಟೆಯ ನುಸಿಗುಳಿಗೆ ವಾಸನೆ, ಬಿಸಿಯಾದ ಆಂಪ್ಲಿಫಯರಿನ ಧೂಳು ಸುಟ್ಟ ವಾಸನೆ, ಇವೆರಡರ ನಡುವೆ ಅಡುಗೆಮನೆಯಿಂದ ಬರುವ ತೆಳ್ಳೇವಿನ ವಾಸನೆ. ಕಾಗದದ ಹಾಗೆ ತೆಳ್ಳಗಿನ ಆ ದೋಸೆಯನ್ನು ದೊಡ್ಡಾಯಿ, ಅಂದರೆ ದೊಡ್ಡಪ್ಪನ ಹೆಂಡತಿ ಗಂಗಕ್ಕ, ಎರೆಯುತ್ತಿದ್ದಳು. ನನ್ನ ಆಯಿ, ಅಂದರೆ ಅಮ್ಮ ಮಾಲತಿ, ಪಕ್ಕದಲ್ಲಿ ಕೂತು ಕಾಯಿ ತುರಿಯುತ್ತಿದ್ದಳು. ಮತ್ತು ಇಬ್ಬರೂ ಹಾಡುತ್ತಿದ್ದರು.

ನಮ್ಮ ಕಡೆ ಮದುವೆಯಲ್ಲಿ ಹೆಂಗಸರ ಹಾಡಿಲ್ಲದೆ ಯಾವ ಶಾಸ್ತ್ರವೂ ಮುಂದೆ ಹೋಗುವುದಿಲ್ಲ. ಮದುಮಗಳನ್ನು ಹಸೆಮಣೆಗೆ ಕರೆಯಲು ಒಂದು ಹಾಡು, ಎಣ್ಣೆ ಹಚ್ಚಲು ಒಂದು, ಆರತಿಗೆ ಒಂದು. ಒಬ್ಬರೇ ಹಾಡುವುದಲ್ಲ, ಜೋಡಿಯಲ್ಲಿ. ಮೊದಲನೆಯವಳು ಸಾಲನ್ನು ಎತ್ತುತ್ತಾಳೆ, ಎರಡನೆಯವಳು ಅದೇ ಸಾಲನ್ನು ತಿರುಗಿ ಹೇಳುತ್ತಾಳೆ. ಆದರೆ ಮೊದಲನೆಯವಳು ಮುಗಿಸುವತನಕ ಎರಡನೆಯವಳು ಕಾಯುವ ಹಾಗಿಲ್ಲ. ಕೊನೆಯ ಅಕ್ಷರ ಇನ್ನೂ ಬಾಯಲ್ಲಿರುವಾಗಲೇ ಒಳಗೆ ಬರಬೇಕು, ಆಗ ಮೊದಲನೆಯವಳು ಉಸಿರು ತೆಗೆದುಕೊಳ್ಳುತ್ತಾಳೆ. ಕೇಳುವವರಿಗೆ ಎಲ್ಲೂ ಬಿರುಕು ಕಾಣಬಾರದು. ದೊಡ್ಡಾಯಿ ಎತ್ತುವವಳು, ಆಯಿ ತಿರುಗಿ ಹೇಳುವವಳು. ಸುತ್ತಲ ಊರುಗಳಲ್ಲಿ ಗಂಗಕ್ಕ ಮಾಲತಿ ಜೋಡಿ ಎಂದರೆ ಹೆಸರು. ಅವರು ಅಭ್ಯಾಸ ಮಾಡುತ್ತಿದ್ದದ್ದು ಒಲೆಯ ಮುಂದೆ, ಮತ್ತು ಪ್ರತಿ ದಿನವೂ ಒಂದೇ ಜಗಳ.

"ಅಕ್ಕಯ್ಯಾ, ಸ್ವಲ್ಪ ಇಳ್ಸು. ಅಷ್ಟೆತ್ರಕ್ಕೆ ಯನ್ನ ದನಿ ಹತ್ತಲೆ ಬತ್ತಿಲ್ಲೆ."

"ಇಳ್ಸಿರೆ ಹಿಂದೆ ಕೂತವ್ಕೆ ಕೇಳಡದಾ ಮಾಲತಿ?"

"ಮೈಕ್ ಇದ್ದಲೆ! ನಿನ್ನ ಮೈದುನ ಇಪ್ಪದು ಎಂತಕ್ಕೆ ಹಂಗಾರೆ?"

"ಆ ಮೈದುನನ ಮೈಕ್ ನಂಬ್ಕ್ಯಂಡು ಕೂತ್ರೆ ಮದುವೆ ಕೂಸು ಹಸೆಗೆ ಬಂದು, ಮಕ್ಕ ಆಗಿ, ಆಮೇಲೆ ಹಾಡು ಕೇಳ್ತು."

ಆಯಿ ನಗುತ್ತಿದ್ದಳು. ನಕ್ಕರೆ ಸ್ವರ ಇನ್ನೂ ಸಿಗುತ್ತಿರಲಿಲ್ಲ. ನಾನು ಮೊದಲ ತೆಳ್ಳೇವಿಗೆ ಜೋನಿಬೆಲ್ಲ ಸುರಿದುಕೊಂಡು, ಇವರ ಸ್ವರ ಯಾವಾಗ ಒಂದಾಗುತ್ತದೆ ಎಂದು ಕಾಯುತ್ತಿದ್ದೆ. ಒಂದಾದ ಕೂಡಲೇ ಅದು ನನಗೇ ತಿಳಿಯುತ್ತಿತ್ತು, ಬೆನ್ನಿಗೆ ಯಾರೋ ಅಂಗೈ ಇಟ್ಟ ಹಾಗೆ.

ಆ ಜೋಡಿ ಮುರಿದದ್ದು ಬನವಾಸಿಯ ಕಡೆಯ ಒಂದು ಮದುವೆಯಲ್ಲಿ. ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಅಪ್ಪಯ್ಯ ಮೈಕುಗಳನ್ನು ಜೋಡಿಸಿದ್ದ, ಪುರೋಹಿತರ ಮುಂದೊಂದು, ಹಾಡುವ ಹೆಂಗಸರ ಮುಂದೊಂದು. ಹಾರ್ನನ್ನು ರಸ್ತೆಯ ಬದಿಯ ಹಲಸಿನ ಮರಕ್ಕೆ ಕಟ್ಟಿದ್ದ. ಹಾಡು ನಿಂತ ಕೂಡಲೇ ಹೆಂಗಸರ ಮೈಕನ್ನು ಬಂದ್ ಮಾಡುವುದು ಅವನ ಪದ್ಧತಿ, ಯಾಕೆಂದರೆ ಹಾಡಿನ ನಡುವೆ ಅವರು ಏನೇನೆಲ್ಲ ಮಾತಾಡುತ್ತಾರೆ ಎಂದು ಅವನಿಗೆ ಗೊತ್ತು. ಅವತ್ತು ಯಾರೋ ಅವನನ್ನು ಮೊದಲ ಪಂಕ್ತಿಯ ಊಟಕ್ಕೆ ಎಳೆದುಕೊಂಡು ಹೋದರು. ದೊಡ್ಡಾಯಿ ಹಸೆಯ ಹಾಡನ್ನು ಎತ್ತಿದಳು, ಒಲೆಯ ಮುಂದೆ ಎತ್ತುವುದಕ್ಕಿಂತಲೂ ಬಹಳ ಮೇಲೆ. ಆಯಿ ಎರಡು ಸಾಲು ಹೇಗೋ ಹತ್ತಿದಳು. ಮೂರನೆಯದಕ್ಕೆ ಅವಳ ದನಿ ಒಡೆಯಿತು. ಆ ಒಡೆದ ಸದ್ದು ಹಾರ್ನಿನಲ್ಲಿ ಹೋಗಿ, ರಸ್ತೆಯಾಚೆಯ ಅನಾನಸ್ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವರೂ ತಲೆಯೆತ್ತಿ ನೋಡಿದರು. ಚಪ್ಪರದಲ್ಲಿ ಕೆಲವರು ನಕ್ಕರು. ಆಯಿ ನಿಲ್ಲಿಸಿಬಿಟ್ಟಳು. ದೊಡ್ಡಾಯಿ ಒಬ್ಬಳೇ ಕೊನೆತನಕ ಹಾಡಿದಳು, ಪ್ರತಿ ಸಾಲಿನ ಕೊನೆಯಲ್ಲಿ ಏದುಸಿರು ಬಿಡುತ್ತ. ಮುಗಿಸಿ, ಇನ್ನೊಂದು ಪಕ್ಕದಲ್ಲಿ ಕೂತಿದ್ದವಳ ಕಡೆ ತಿರುಗಿ, ಮೈಕ್ ಬಂದಾಗಿದೆ ಎಂದುಕೊಂಡು ಹೇಳಿದಳು:

"ದಮ್ಮಿಲ್ಲದವ್ರ ಕಟ್ಗ್ಯಂಡು ಹಾಡಲೆ ಬಂದ್ರೆ ಇದೇ ಹಣೆಬರ."

ಹಲಸಿನ ಮರ ಅದನ್ನು ಊರಿಗೆಲ್ಲ ಹೇಳಿತು. ಅಪ್ಪಯ್ಯ ಎಲೆಯ ಮುಂದಿನಿಂದ ಎದ್ದು ಓಡಿ ಬಂದ. ಅಷ್ಟರಲ್ಲಿ ಹೇಳುವುದೆಲ್ಲ ಹೇಳಿ ಆಗಿತ್ತು.

ಅಣ್ಣತಮ್ಮಂದಿರು ಬೇರೆಯಾದದ್ದಕ್ಕೆ ದೊಡ್ಡವರು ಬೇರೆ ಬೇರೆ ಕಾರಣ ಕೊಡುತ್ತಾರೆ. ಶಾಮಿಯಾನದವರಿಗೆ ಕೆಲಸ ಹೆಚ್ಚಾಯಿತು, ಟೆಂಪೋ ಹಳತಾಯಿತು ಎಂದೆಲ್ಲ. ಇರಬಹುದು. ನಾನು ಕಂಡದ್ದು ಇಷ್ಟು: ಆ ಮದುವೆಯಿಂದ ಬಂದ ಮೇಲೆ ಒಲೆಯ ಮುಂದೆ ಹಾಡಿರಲಿಲ್ಲ, ಮುಂದಿನ ಬೇಸಿಗೆಯಲ್ಲಿ ನಡುಮನೆಯ ಮಧ್ಯೆ ಇಟ್ಟಿಗೆಯ ಗೋಡೆ ಬಂತು. ಒಂದು ಕಡೆ ಖುರ್ಚಿ, ಪಾತ್ರೆ. ಇನ್ನೊಂದು ಕಡೆ ಸ್ಪೀಕರು. ನಾವು ನಮ್ಮ ಬದಿಗೆ ನೀಲಿ ಬಣ್ಣ ಹೊಡೆದೆವು, ಅವರು ಹಳದಿ. ಜಗುಲಿಯನ್ನೂ ಎದುರು ಬಾಗಿಲನ್ನೂ ಮಾತ್ರ ಯಾರಿಗೂ ಪಾಲು ಮಾಡಲು ಬರಲಿಲ್ಲ. ಹಾಗಾಗಿ ಆಯಿ ಹೊರಗೆ ಹೋಗುವ ಮೊದಲು ಒಮ್ಮೆ ಕೆಮ್ಮುವುದನ್ನು ಕಲಿತಳು. ಆ ಕೆಮ್ಮು ಕೇಳಿದರೆ ದೊಡ್ಡಾಯಿ ಒಳಗೇ ನಿಲ್ಲುತ್ತಿದ್ದಳು. ದೊಡ್ಡಾಯಿ ಹೊರಡುವಾಗ ತನ್ನ ಬದಿಯ ಒಳಬಾಗಿಲ ಚಿಲಕವನ್ನು ಸುಮ್ಮನೆ ಎರಡು ಸಲ ಅಲ್ಲಾಡಿಸುತ್ತಿದ್ದಳು. ಒಂದು ಮಾತಿಲ್ಲದೆ ಇಷ್ಟು ಚೊಕ್ಕ ಏರ್ಪಾಡು ಮಾಡಿಕೊಂಡ ಇಬ್ಬರನ್ನು ನಾನು ಮತ್ತೆಲ್ಲೂ ನೋಡಿಲ್ಲ. ಗಂಡಸರು ಜಗುಲಿಯಲ್ಲಿ ಒಟ್ಟಿಗೆ ಎಲೆಯಡಿಕೆಯ ಕವಳ ಹಾಕುತ್ತ ಏನೂ ಆಗಿಲ್ಲದವರ ಹಾಗೆ ಇರುತ್ತಿದ್ದರು. ಮದುವೆಗೆ ಕರೆಯಲು ಬಂದವರಿಗೆ ಆಯಿ ಗಂಟಲು ನೋವು ಎನ್ನುತ್ತಿದ್ದಳು. ದೊಡ್ಡಾಯಿ ಬೇರೆ ಒಬ್ಬಳನ್ನು ಜೋಡಿ ಮಾಡಿಕೊಂಡು ಒಂದು ಮದುವೆಗೆ ಹೋಗಿಬಂದಳು, ಮತ್ತೆ ಹೋಗಲಿಲ್ಲ.

ನಾನು ಎರಡೂ ಕಡೆಯವಳು. ನಮ್ಮಲ್ಲಿ ಒಂದೆಲಗದ ತಂಬುಳಿ ಉಂಡು, ಆಚೆ ಹೋಗಿ ದೊಡ್ಡಾಯಿಯ ಹಲಸಿನ ಹಪ್ಪಳ ತಿನ್ನುತ್ತಿದ್ದೆ. ಯಾರೂ ನನ್ನನ್ನು ತಡೆದಿರಲಿಲ್ಲ. ಅದಕ್ಕೆ ಒಂದೇ ಷರತ್ತು, ಅದನ್ನೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ: ಒಂದು ಬದಿಯ ಮಾತನ್ನು ಇನ್ನೊಂದು ಬದಿಗೆ ಒಯ್ಯುವ ಹಾಗಿಲ್ಲ. ನಾನು ಒಯ್ಯಲಿಲ್ಲ. ಕಾಲೇಜು ಮುಗಿಯುವತನಕ, ಅಪ್ಪಯ್ಯನ ಜೊತೆ ಮೈಕ್ ಕಟ್ಟಲು ಹೋಗಲು ಶುರುಮಾಡಿದ ಮೇಲೂ, ನಾನು ಅಷ್ಟು ಜಾಗ್ರತೆಯಿಂದಿದ್ದೆ.

ಬೀಟ್ ಮಾಡುವುದನ್ನು ನನಗೆ ಯಾರೂ ಕಲಿಸಲಿಲ್ಲ. ಮೊದಲು ಫೋನಿನಲ್ಲಿ, ಆಮೇಲೆ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಮಾಡುತ್ತ ಹೋದೆ. ಎಲ್ಲೋ ಯಾರೋ ಮಾಡಿಟ್ಟ ಡ್ರಮ್ಮಿನ ಸದ್ದು ತೆಗೆದುಕೊಂಡರೆ ನನ್ನ ಹಾಡು ನನ್ನ ಮನೆಯದು ಅನ್ನಿಸುತ್ತಿರಲಿಲ್ಲ. ಒಂದು ದಿನ ಅಪ್ಪಯ್ಯ ಮೈಕಿನ ತಲೆಗೆ ತಟ್ಟುವುದನ್ನು ರೆಕಾರ್ಡ್ ಮಾಡಿ ನೋಡಿದೆ. ಅಬ್ಬಾ! ಅದಕ್ಕಿಂತ ಗಟ್ಟಿ ಕಿಕ್, ಅಂದರೆ ಡ್ರಮ್ಮಿನ ದಪ್ಪ ಏಟು, ಬೇಕಿರಲಿಲ್ಲ. ಖುರ್ಚಿಗಳ ಗೋಪುರದಿಂದ ಒಂದನ್ನು ಎಳೆದರೆ ಬರುವ 'ಚರಕ್' ಅದರ ನಡುವೆ ಬೀಳುವ ಚುರುಕು ಏಟು, ಸ್ನೇರ್ ಆಯಿತು. ದೊಡ್ಡಪ್ಪನ ಊಟದ ಕೊಪ್ಪರಿಗೆಯನ್ನು ಬೋರಲು ಹಾಕಿ ಮುಷ್ಟಿಯಿಂದ ಗುದ್ದಿದರೆ ಬಾಸ್. ದೊಡ್ಡಪ್ಪ ನೋಡುತ್ತ ನಿಂತಿದ್ದ.

"ಅದಕ್ಕೆ ಹೊಡೀತೆ ಅಂದ್ರೆ ಹೊಡಿ ಕೂಸೇ. ತಗ್ಗು ಬಿದ್ರೆ ನಿನ್ನ ಮದುವೆ ಸಾರನ್ನ ಅದ್ರಲ್ಲೇ ಮಾಡಿ ಹಾಕ್ತೆ."

ಹೀಗೆ ಸಾಮಾನು ಸೇರಿಸುತ್ತಿರುವಾಗಲೇ ನನಗೆ ಆ ಕ್ಯಾಸೆಟ್ ಸಿಕ್ಕಿದ್ದು. ಅಪ್ಪಯ್ಯ ಹಿಂದೆ ಮೈಕಿನ ಸದ್ದು ಹೇಗೆ ಹೋಗುತ್ತಿದೆ ಎಂದು ತಿಳಿಯಲು ಮದುವೆಗಳನ್ನು ಟೇಪ್ ಮಾಡಿಕೊಳ್ಳುತ್ತಿದ್ದ. ಅದು ಬಿಳಗಿಯ ಒಂದು ಮದುವೆ, ಜೋಡಿ ಮುರಿಯುವುದಕ್ಕೆ ಮೊದಲಿನದು. ಹೆಡ್‌ಫೋನ್ ಹಾಕಿಕೊಂಡು ಪ್ಲೇ ಒತ್ತಿದೆ. ಪಾತ್ರೆಗಳ ಸದ್ದು, ಮಗುವಿನ ಅಳು, ಆಮೇಲೆ ದೊಡ್ಡಾಯಿ. ಅವಳ ಸಾಲಿನ ಬಾಲ ಇನ್ನೂ ಇದೆ ಎನ್ನುವಾಗ ಒಳಗೆ ಬಂದ ಆಯಿ. ಬೆನ್ನಿನ ಮೇಲೆ ಅದೇ ಅಂಗೈ. ಅವತ್ತೇ ಆ ತುಣುಕನ್ನು ಕತ್ತರಿಸಿ ಲೂಪ್ ಮಾಡಿದೆ, ದೊಡ್ಡಾಯಿ, ಆಯಿ, ದೊಡ್ಡಾಯಿ, ಆಯಿ. ಆದರೆ ಸ್ವರ ಬಹಳ ಎತ್ತರ. ಕೊಪ್ಪರಿಗೆಯ ಬಾಸಿನ ಮೇಲೆ ಅದು ಕೂರಲಿಲ್ಲ. ಕಂಪ್ಯೂಟರಿನಲ್ಲಿ ಸ್ವರ ಇಳಿಸುವುದು ಒಂದು ಗುಂಡಿ ಎಳೆಯುವಷ್ಟೇ ಕೆಲಸ. ಇಳಿಸಿದೆ. ಕೂತಿತು. ಅದರ ಮೇಲೆ ನನ್ನ ಸಾಲು ತಾನಾಗಿ ಬಂತು:

*ಗೋಡೆಗೆ ಈಚೆ ನೀಲಿ ಬಣ್ಣ, ಗೋಡೆಗೆ ಆಚೆ ಹಳದಿ ಬಣ್ಣ,*
*ನಡುವೆ ನಿಂತು ಎರಡೂ ಕೇಳ್ದೆ, ತಪ್ಪು ನಂದಾ ಹೇಳೋ ಅಣ್ಣ.*

ಎರಡನೆಯ ಭಾಗವನ್ನು ಬರೆದು ಹಾಡಿದ್ದು ನನ್ನ ಗೆಳೆಯ ಇಮ್ರಾನ್. ಯಲ್ಲಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ರಜೆ ಸಿಕ್ಕಿದಾಗ ಬಸ್ಸು ಹತ್ತಿ ಬರುತ್ತಾನೆ. ಅವನ ಅಜ್ಜಿಯ ಮನೆ ಮುಂಡಗೋಡದ ಆಚೆ, ಹಾಗಾಗಿ ಮಾತು ಧಾರವಾಡದ ಕಡೆ ವಾಲುತ್ತದೆ. ನನ್ನ ಭಾಗವನ್ನು ಮೊದಲ ಸಲ ಕೇಳಿದಾಗ ಅವನು ಕುಣಿದ. ಆಮೇಲೆ ಕೂತ.

"ಮಸ್ತ್ ಆಗೇತಿ ಸಿಂಧು. ಆದ್ರ ಇದು ಯಾರ ದನಿ?"

"ಆಯಿದು, ದೊಡ್ಡಾಯಿದು."

"ಕೇಳಿಯೇನು ಅವ್ರನ್ನ?"

"ಮನೆಯವರೇ ಅಲ್ವಾ?"

"ಮನಿಯವ್ರಾದ್ರ ಇನ್ನೂ ಕೇಳ್ಬೇಕು ಮಾರಾಯ್ತಿ. ನಾಳೆ ನಮ್ಮ ಅಜ್ಜಿ ಬೈಗಳನ ಯಾರಾರ ಹಾಡಿನ್ಯಾಗ ಹಾಕಿದ್ರ ನಾ ಸುಮ್ಮನ ಇರ್ತೀನೇನು? ಹೂಂ ಅಂದ್ರ ಹಾಕೂಣು. ಇಲ್ಲಂದ್ರ ಬ್ಯಾಡ."

ಅವನು ಹೇಳಿದ್ದು ಸರಿಯಿತ್ತು. ಆಯಿಯ ದನಿಯನ್ನಷ್ಟೇ ಇಟ್ಟುಕೊಂಡು ದೊಡ್ಡಾಯಿಯದನ್ನು ತೆಗೆದರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ ಎಂದು ಒಂದು ವಾರ ಒದ್ದಾಡಿದೆ. ಆಗಲಿಲ್ಲ. ಎಲ್ಲಿ ಕತ್ತರಿಸಿದರೂ ಇವಳ ದನಿಯೊಳಗೆ ಅವಳಿದ್ದಳು. ದನಿ ಬೇರೆ ಮಾಡುವ ಹೊಸ ಸಾಫ್ಟ್‌ವೇರಿಗೂ ಹಾಕಿದೆ. ಅದು ಇಬ್ಬರನ್ನೂ ಒಬ್ಬಳೇ ಎಂದು ತಿಳಿದು, ಬಾವಿಯೊಳಗಿಂದ ಬಂದ ಹಾಗಿನ ಒಂದು ಸದ್ದು ಕೊಟ್ಟಿತು. ಕೇಳಲೇಬೇಕಿತ್ತು, ಇಬ್ಬರನ್ನೂ. ಅಂದರೆ ಇಷ್ಟು ವರ್ಷ ಮಾಡದೆ ಬಂದ ಕೆಲಸವನ್ನೇ ಮಾಡಬೇಕಿತ್ತು: ಒಂದು ಬದಿಯದನ್ನು ಇನ್ನೊಂದು ಬದಿಗೆ ಒಯ್ಯುವುದು. ಹಾಡು ಹೋದರೆ ಇನ್ನೊಂದು ಮಾಡಬಹುದು. ಹಳದಿ ಬದಿಯ ಬಾಗಿಲು ನನಗೆ ಮುಚ್ಚಿಹೋದರೆ ಏನು ಮಾಡಲಿ ಎಂಬುದೇ ನನ್ನ ಹೆದರಿಕೆ.

ಮೊದಲು ಆಯಿ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೆಡ್‌ಫೋನನ್ನು ತುರುಬಿಗೆ ಸಿಕ್ಕಿಸಿಕೊಳ್ಳದ ಹಾಗೆ ನಿಧಾನ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಮುಖ ಅರಳಿತು.

"ಹಾಂ. ಈಗ ಸಮಾ ಸ್ವರ ನೋಡು. ಇದನ್ನೇ ಆನು ಮದ್ಲಿಂದ ಹೇಳ್ತಾ ಬಂದಿದ್ದು. ಎಷ್ಟು ಹಗೂರ ಹೋಗ್ತಾ ಇದ್ದು ಯನ್ನ ದನಿ!"

"ಹಾಡಿಗೆ ಹಾಕ್ಲಾ ಆಯಿ?"

"ಅಕ್ಕಯ್ಯನ ಕೇಳಿದ್ಯಾ?"

"ಇನ್ನೂ ಇಲ್ಲೆ."

"ಅಕ್ಕಯ್ಯನ ದನಿಯ ಅದಕ್ಕೆ ಹೇಳದ್ದೆ ಹಾಕಲಾಗ. ಅದು ಹೂಂ ಅಂದ್ರೆ ಯನ್ನದೂ ಹೂಂ. ಆನು ಹಿಂಗೆ ಹೇಳಿದೆ ಹೇಳಿ ಅಲ್ಲಿ ಹೇಳಡ ಮತ್ತೆ."

ಮರುದಿನ ಹಳದಿ ಬದಿಗೆ ಹೋದೆ. ದೊಡ್ಡಾಯಿ ಹಿತ್ತಲ ಕಡೆ ಹಪ್ಪಳ ಒಣಗಿಸುತ್ತಿದ್ದಳು. ಅವಳು ಹೆಡ್‌ಫೋನ್ ಬೇಡವೆಂದಳು, ಕಿವಿಗೆ ಬಿಗಿಯಾಗುತ್ತದಂತೆ. ಫೋನಿನಲ್ಲೇ ಹಾಕಿದೆ. ಒಂದು ಸುತ್ತು ಕೇಳಿದಳು. ಹಣೆ ಗಂಟಾಯಿತು.

"ಯಾರೇ ಇದು ಹಾಡದು?"

"ನೀನೇ ದೊಡ್ಡಾಯಿ. ಬಿಳಗಿ ಮದುವೇದು."

"ಯಾವ ದಿಕ್ಕಿಂದ ಆನು? ಶೀತ ಆದ ಎಮ್ಮೆ ಕೂಗ್ದಂಗಿದ್ದು! ಎಂತ ಮಾಡಿದ್ದೆ ಇದಕ್ಕೆ?"

"ಸ್ವರ ಸ್ವಲ್ಪ ಇಳ್ಸಿದ್ದೆ. ಬಾಸಿಗೆ ಕೂರ್ತಿತ್ತಿಲ್ಲೆ."

ಅವಳ ಕೈ ಹಪ್ಪಳದ ಮೇಲೆ ನಿಂತಿತು. ನನ್ನನ್ನು ನೋಡಲಿಲ್ಲ, ನನ್ನ ಹಿಂದಿನ ಗೋಡೆಯನ್ನು ನೋಡಿದಳು.

"ಯಾರು ಹೇಳಿದ್ದು ಇಳ್ಸಲೆ? ನಿನ್ನ ಆಯಿಯಾ?"

"ಅಲ್ಲ ದೊಡ್ಡಾಯಿ, ಆನೇ..."

"ಆತು. ಊರವ್ರ ಎದ್ರಿಗೆ ಆನು ಎತ್ತಿದ ಸ್ವರ ತಪ್ಪು ಹೇಳಿ ಈಗ ಕಂಪ್ಯೂಟರ್ ಹತ್ರನೂ ಹೇಳ್ಸಿ ಆತು. ಹಾಕ್ತೆ ಅಂದ್ರೆ ಯನ್ನ ದನಿಯ ಇದ್ದಂಗೆ ಹಾಕು. ಇಲ್ದೇ ಹೋದ್ರೆ ಬ್ಯಾಡ. ಇದನ್ನ ತಗಂಡು ಇತ್ಲಾಗೆ ಬರಡ."

ಅವಳು ಹಪ್ಪಳ ಕೊಡಲಿಲ್ಲ. ನಾನು ಹುಟ್ಟಿದ ಮೇಲೆ ಅದೇ ಮೊದಲು.

ಸ್ವರವನ್ನು ಮತ್ತೆ ಮೇಲೇರಿಸಿದೆ, ಕ್ಯಾಸೆಟ್ಟಿನಲ್ಲಿ ಇದ್ದ ಹಾಗೆ. ಇಡೀ ಹಾಡನ್ನು ಅದಕ್ಕೆ ತಕ್ಕ ಹಾಗೆ ಬದಲಾಯಿಸಿದೆ, ಬಾಸ್ ಎತ್ತರಿಸಿದೆ, ಬೀಟ್ ಚುರುಕು ಮಾಡಿದೆ, ನನ್ನ ಭಾಗವನ್ನು ಓಡುತ್ತ ಹಾಡಿದೆ. ಆಯಿ ಅದನ್ನು ಬಾಗಿಲಲ್ಲಿ ನಿಂತೇ ಕೇಳಿ ಒಳಗೆ ಹೋದಳು. ನಾನು ಹಿಂದೆ ಹೋದೆ.

"ಬ್ಯಾಡ ಕೂಸೇ," ಎಂದಳು. "ಆ ಎತ್ರ ಕೇಳಿದ್ರೆ ಈಗ್ಲೂ ಬನವಾಸಿ ಮದುವೆ ನೆನಪಾಗ್ತು. ಎಲ್ಲರೂ ನಗಾಡಿದ್ದು ಕಿವಿಯಲ್ಲೇ ಇದ್ದು."

ಇಮ್ರಾನಿಗೆ ಫೋನ್ ಮಾಡಿ ಹಾಡು ಬಿಟ್ಟುಬಿಡೋಣ ಎಂದೆ. ಅವನು "ನಿಮ್ಮ ಮನ್ಯಾಗ ಸಂಗೀತ ಭಾಳ ಸೀರಿಯಸ್ ಐತಿ ಬಿಡು" ಎಂದ. ನಗು ಬರಲಿಲ್ಲ.

ಅದಾದ ಭಾನುವಾರ ಮಧ್ಯಾಹ್ನ ನಾನು ಜಗುಲಿಯಲ್ಲಿ ಕೂತು ಆ ತುಣುಕನ್ನು ಫೈಲಿನಿಂದ ತೆಗೆಯಲು ಹೊರಟಿದ್ದೆ. ತೆಗೆಯುವ ಮೊದಲು ಒಮ್ಮೆ ಕೇಳೋಣ ಎಂದು, ಅಪ್ಪಯ್ಯ ರಿಪೇರಿಗೆ ಇಟ್ಟಿದ್ದ ಒಂದು ಸಣ್ಣ ಸ್ಪೀಕರಿಗೆ ಜೋಡಿಸಿ ಹಾಕಿದೆ. ಅಪ್ಪಯ್ಯ ಪಕ್ಕದಲ್ಲಿ ವಯರಿನ ತುದಿ ಕೆತ್ತುತ್ತಿದ್ದ. ತಲೆಯೆತ್ತದೆ ಕೇಳಿದ:

"ಇದು ಬಿಳಗಿ ಟೇಪಾ?"

"ಹೌದು ಅಪ್ಪಯ್ಯ. ಇದ್ದ ಹಂಗೇ ಇದ್ದು, ಇಳ್ಸಿದ್ನಿಲ್ಲೆ."

"ಇದ್ದ ಹಂಗೆ ಎಲ್ಲಿದ್ದು? ಆ ಟೇಪ್ ಡೆಕ್ಕಿನ ಬೆಲ್ಟು ಆವಾಗ್ಲೇ ಸಡ್ಲ ಆಗಿತ್ತು. ರೆಕಾರ್ಡ್ ಮಾಡಕಾರೆ ನಿಧಾನ ತಿರುಗ್ತಿತ್ತು. ಸರಿ ಇದ್ದ ಡೆಕ್ಕಲ್ಲಿ ಹಾಕಿದ್ರೆ ಎಲ್ಲರೂ ಎತ್ರಕ್ಕೆ ಹಾಡಿದಂಗೆ ಕೇಳ್ತು. ಗಂಗತ್ತಿಗೆ ಅಷ್ಟೆತ್ರ ಹಾಡಿತ್ತಿಲ್ಲೆ ಅವತ್ತು."

"ಮತ್ತೆ ಎಷ್ಟು ಎತ್ರ ಹಾಡಿತ್ತು?"

"ಅದು ಈಗ ಯಾರಿಗೆ ಗೊತ್ತು?"

ನಾನು ತಲೆಯೆತ್ತಿದೆ. ಚಿಲಕ ಅಲ್ಲಾಡಲಿಲ್ಲ, ಕೆಮ್ಮೂ ಕೇಳಲಿಲ್ಲ. ಜಗುಲಿಗೆ ತೆರೆಯುವ ಎರಡೂ ಬದಿಯ ಒಳಬಾಗಿಲುಗಳಲ್ಲಿ ಒಬ್ಬೊಬ್ಬರು ನಿಂತಿದ್ದರು. ಹಾಡು ಕೇಳಿ ಬಂದವರು ಅಪ್ಪಯ್ಯನ ಮಾತನ್ನೂ ಕೇಳಿದ್ದರು. ದೊಡ್ಡಾಯಿ ನನ್ನ ಕಡೆ ತಿರುಗಿದಳು.

"ಕೇಳ್ತಾ ಕೂಸೇ? ಅಷ್ಟೆತ್ರ ಹಾಡಿತ್ತಿಲ್ಲೆ ಆನು. ಹೇಳು ನಿನ್ನ ಆಯಿ ಹತ್ರ."

"ಬಿಳಗಿಲಿ ಹಾಡಿರ್ಲಿಕ್ಕಿಲ್ಲೆ," ಆಯಿಯೂ ನನಗೇ ಹೇಳಿದಳು. "ಬನವಾಸಿಲಿ ಯಾವ ಬೆಲ್ಟು ಸಡ್ಲ ಆಗಿತ್ತು ಕೇಳು."

ಇಬ್ಬರ ನಡುವೆ ಒಂದು ಮಾರು ದೂರವೂ ಇರಲಿಲ್ಲ. ನಾನು ಇಬ್ಬರ ಮುಖವನ್ನೂ ನೋಡಿದೆ. ಇಷ್ಟು ವರ್ಷ ಒಯ್ಯದ ಮಾತನ್ನು ಇನ್ನು ಒಯ್ಯುವುದೂ ಬೇಡ ಅನ್ನಿಸಿತು.

"ನೀವೇ ಹೇಳ್ಕ್ಯಳಿ," ಎಂದೆ. "ಯಂಗೆ ಸಾಕಾತು."

ಅಪ್ಪಯ್ಯ ವಯರು ಕೆತ್ತುವುದನ್ನು ನಿಲ್ಲಿಸಿದ. ದೊಡ್ಡಾಯಿ ಸ್ಪೀಕರ್ ಡಬ್ಬಿಯ ಮೇಲೆ ಕೂತಳು.

"ಜನ ಕಂಡ್ರೆ ಯಂಗೆ ಸ್ವರ ಮೇಲೆ ಹೋಗ್ತು," ಎಂದಳು. ಈ ಸಲ ನನ್ನ ಕಡೆ ತಿರುಗಿರಲಿಲ್ಲ. "ಒಲೆ ಎದ್ರಿಗೆ ಹಂಗಾಗ್ತಿಲ್ಲೆ. ಚಪ್ಪರದಲ್ಲಿ ಅಷ್ಟೂ ಮಖ ನೋಡಿದ ಕೂಡ್ಲೆ ಅದು ತನ್ನಷ್ಟಕ್ಕೆ ಏರ್ತು. ಏರಿದ ಮೇಲೆ ಇಳ್ಸಲೆ ಬತ್ತಿಲ್ಲೆ ಮಾಲತಿ. ಹೆದ್ರಿಕೆ ಹೇಳಿ ಹೇಳ್ಕ್ಯಂಬಲೆ ನಾಚ್ಕೆ."

"ಅದನ್ನ ಒಂದು ಮಾತು ಹೇಳಲಾಗಿತ್ತಿಲ್ಯಾ ಅಕ್ಕಯ್ಯ? ಆನು ತಗ್ಗಲ್ಲೇ ಹಿಡ್ಕಳ್ತಿದ್ದೆ, ನೀನು ಅಲ್ಲಿಗೆ ಇಳೀಲಾಗಿತ್ತು. ಅದು ಬಿಟ್ಟು ದಮ್ಮಿಲ್ಲೆ ಹೇಳಿ..."

"ಮೈಕ್ ಬಂದಾಯ್ದು ಹೇಳಿ ತಿಳ್ಕಂಡಿದ್ದೆ."

"ಬಂದಾಗಿದ್ರೆ ಹೇಳ್ಲಕ್ಕಾ?"

"ಇಲ್ಲೆ," ಎಂದಳು ದೊಡ್ಡಾಯಿ. "ಹೇಳಲಾಗಿತ್ತಿಲ್ಲೆ. ತಪ್ಪಾತು."

ಆಯಿ ಅಳುತ್ತಾಳೆ ಎಂದುಕೊಂಡೆ. ಅವಳು ಅಪ್ಪಯ್ಯನ ಕಡೆ ತಿರುಗಿ, "ನೀವು ಅವತ್ತು ಊಟಕ್ಕೆ ಹೋಗ್ದಿದ್ರೆ ಎಂತ ಆಗ್ತಿತ್ತಿಲ್ಲೆ" ಎಂದಳು. ಅಪ್ಪಯ್ಯ ಹೌದು ಎನ್ನುವ ಹಾಗೆ ತಲೆಯಾಡಿಸಿ, ವಯರು ಎತ್ತಿಕೊಂಡು ಒಳಗೆ ಹೋದ. ಇಷ್ಟಕ್ಕೆ ಮುಗಿದರೆ ತಾನು ಬೈಸಿಕೊಂಡದ್ದು ಲಾಭ ಎಂಬ ಮುಖ ಅವನದು.

ಹಾಡಿನ ಸ್ವರ ಎಷ್ಟಿರಬೇಕು ಎಂಬುದು ಹಾಗೇ ಉಳಿದಿತ್ತು. ಟೇಪು ಹೇಳುವ ಹಾಗಿರಲಿಲ್ಲ, ಕಂಪ್ಯೂಟರೂ ಹೇಳುವ ಹಾಗಿರಲಿಲ್ಲ. ದೊಡ್ಡಾಯಿ ಗಂಟಲು ಸರಿಮಾಡಿಕೊಂಡು ಬಾಯಿ ಮುಚ್ಚಿಯೇ ಒಂದು ಸ್ವರ ಎಳೆದಳು. ಆಯಿ ಪಕ್ಕಕ್ಕೆ ಬಂದು ಕೂತು ಅದರ ಕೆಳಗೆ ತನ್ನದೊಂದನ್ನು ಹಿಡಿದಳು. ದೊಡ್ಡಾಯಿ ಸ್ವಲ್ಪ ಇಳಿದಳು. ಆಯಿ ಸ್ವಲ್ಪ ಹತ್ತಿದಳು. ದೊಡ್ಡಾಯಿ ಇನ್ನೊಂದು ಕೂದಲೆಳೆಯಷ್ಟು ಇಳಿದಳು. ಆಮೇಲೆ ಎರಡು ದನಿ ಇರಲಿಲ್ಲ. ನಾನು ಗುಂಡಿಯನ್ನು ಎಳೆಯುತ್ತ ಹೋಗಿ, ಟೇಪಿನ ಸ್ವರ ಇವರ ಸ್ವರಕ್ಕೆ ಬಂದು ಕೂತಲ್ಲಿ ಬೆರಳು ಎತ್ತಿದೆ. ಸ್ಪೀಕರಿನಲ್ಲಿದ್ದ ಎಳೆಯ ಹೆಂಗಸರೂ ಡಬ್ಬಿಯ ಮೇಲೆ ಕೂತ ಈ ಇಬ್ಬರೂ ಒಟ್ಟಿಗೆ ಹಾಡಿದರು. ಕೊಪ್ಪರಿಗೆಯ ಬಾಸಿಗೆ ಅದು ಸರಿಯಾಗಿ ಕೂರುತ್ತದೆಯೋ ಇಲ್ಲವೋ ಎಂದು ನಾನು ಆಗ ನೋಡಲೂ ಇಲ್ಲ. ಕೂರದಿದ್ದರೆ ಬಾಸೇ ಏಳಲಿ.

ಆಮೇಲೆ ಇಡೀ ಹಾಡು ಕೇಳಿಸಿದೆ. ನನ್ನ ಭಾಗ ಬಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು.

"ಇದೆಂತದೇ ಮಾಲತಿ, ಈ ಕೂಸು ಎಲ್ಲೂ ಉಸ್ರೇ ತಗತ್ತಿಲ್ಲೆ?"

"ಯಂಗೂ ಹಂಗೇ ಕಂಡ್ತು. ಬಸ್ ತಪ್ಪಿ ಹೋಗ್ತು ಹೇಳವ್ರಂಗೆ ಬಡಬಡ."

"ಆ ಯಲ್ಲಾಪುರದ ಮಾಣಿ ಅಡ್ಡಿಲ್ಲೆ. ಅವಂಗೆ ಎಲ್ಲಿ ನಿಲ್ಲವು ಹೇಳಿ ಗೊತ್ತಿದ್ದು."

ಇದನ್ನು ಇಮ್ರಾನಿಗೆ ಹೇಳಿದಾಗ ಅವನು ಇಡೀ ಅಂಗಡಿಗೆ ಕೇಳುವ ಹಾಗೆ ನಕ್ಕ. ನಾನು ನನ್ನ ಭಾಗವನ್ನು ಮತ್ತೆ ಹಾಡಿದೆ, ಅವರು ಹೇಳಿದಲ್ಲಿ ಉಸಿರು ತೆಗೆದುಕೊಂಡು. ನಿಜ ಹೇಳಬೇಕೆಂದರೆ ಚೆನ್ನಾಗಾಯಿತು. ಹಾಡಿನ ಕೆಳಗೆ ಹೆಸರು ಹಾಕುವಾಗ ದೊಡ್ಡಾಯಿಯದು ಮೊದಲು ಹಾಕಿದೆ, ಎತ್ತುವವಳು ಅವಳೇ ತಾನೆ. ಹಾಡನ್ನು ಯೂಟ್ಯೂಬಿಗೆ ಹಾಕಿದ ದಿನ ನಾನು ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು, ಯಾರು ಎಷ್ಟು ಕೇಳಿದರು ಎಂದು ನೋಡದೆ, ಮಧ್ಯಾಹ್ನವೆಲ್ಲ ನಿದ್ದೆ ಮಾಡಿದೆ. ಎಷ್ಟೋ ತಿಂಗಳಿನಿಂದ ಅಂಥ ನಿದ್ದೆ ಬಂದಿರಲಿಲ್ಲ.

ಹಾಡು ಬಹಳ ದೂರವೇನೂ ಹೋಗಲಿಲ್ಲ. ನಮ್ಮ ಮೂರು ತಾಲೂಕುಗಳಲ್ಲಿ ಮಾತ್ರ ಬಸ್ಸಿನಲ್ಲಿ, ಗ್ಯಾರೇಜಿನಲ್ಲಿ, ಕಾಲೇಜಿನ ಹುಡುಗರ ಬೈಕಿನ ಮೇಲೆ ಕೇಳಿಸಿತು. ಕೆಲವು ದಿನಗಳ ಮೇಲೆ ಸಿದ್ದಾಪುರದ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಅವರ ಮಗಳ ಮದುವೆಯಂತೆ. ಮಗಳೇ ಆ ಹಾಡು ಕೇಳಿ, ಹಸೆಗೆ ಕರೆಯಲು ಈ ಜೋಡಿಯೇ ಬೇಕು ಎಂದು ಹಟ ಹಿಡಿದಿದ್ದಾಳಂತೆ. ನಾನು ಫೋನನ್ನು ಆಯಿಗೆ ಕೊಟ್ಟೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಗಂಟಲು ನೋವಿನ ವಿಷಯ ಬರುತ್ತದೆಯೇನೋ ಎಂದು ನಾನು ಅವಳ ಬಾಯನ್ನೇ ನೋಡುತ್ತಿದ್ದೆ.

"ಒಂದ್ನಿಮಿಷ ಹಿಡ್ಕಳಿ," ಎಂದಳು. "ಅಕ್ಕಯ್ಯನ ಕೇಳಿ ಹೇಳ್ತೆ."

ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಹಳದಿ ಬದಿಗೆ ನಡೆದಳು.